ಪದಗಳ ಅರ್ಥ ಗೊತ್ತು, ಪಾಠ ಮಾತ್ರ ತಲೆಗೆ ಹೋಗಲ್ಲ. ಯಾಕೆ?

ಪ್ರಶ್ನೆ: ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಏಳನೇ ತರಗತಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಮಕ್ಕಳೆಲ್ಲ ಕನ್ನಡ ಮಾಧ್ಯಮದವರು. ಪ್ರತಿ ಪಾಠಕ್ಕೂ ಮೊದಲು ಕಷ್ಟದ ಪದಗಳ ಅರ್ಥ ಬೋರ್ಡ್ ಮೇಲೆ ಬರೆಯುತ್ತೇನೆ. ಮಕ್ಕಳು ಪುಸ್ತಕದಲ್ಲಿ ಆ ಪದಗಳ ತಲೆ ಮೇಲೆ ಪೆನ್ಸಿಲ್‌ನಲ್ಲಿ ಕನ್ನಡ ಬರೆದುಕೊಳ್ಳುತ್ತಾರೆ. ಕೇಳಿದರೆ ಅರ್ಥ ಪಟಪಟ ಹೇಳುತ್ತಾರೆ. ಆದರೆ ಪ್ಯಾರಾ ಓದಿಸಿ ‘ಏನಾಯ್ತು ಹೇಳು’ ಅಂದರೆ ಸುಮ್ಮನೆ ನಿಲ್ಲುತ್ತಾರೆ. ವಾಕ್ಯಗಳು ಉದ್ದವಾದವೇನೋ ಅಂದುಕೊಂಡು ನಾನೇ ಚಿಕ್ಕ ಚಿಕ್ಕ ವಾಕ್ಯ ಮಾಡಿ ನೋಟ್ಸ್ ಕೊಟ್ಟೆ. ಅದರಿಂದಲೂ ಪ್ರಯೋಜನ ಆಗಲಿಲ್ಲ. ತಪ್ಪು ಎಲ್ಲಿದೆ? – ಒಬ್ಬ ಶಿಕ್ಷಕಿ

ಉತ್ತರ: ಮೇಡಂ, ನೀವು ಕೊನೆಗೆ ಹೇಳಿದ ಮಾತಿನಿಂದಲೇ ಶುರು ಮಾಡುತ್ತೇನೆ. ವಾಕ್ಯಗಳನ್ನು ಚಿಕ್ಕದು ಮಾಡಿದರೂ ಪ್ರಯೋಜನ ಆಗಲಿಲ್ಲ ಅಂದಿರಿ. ನನಗೆ ಅನ್ನಿಸುವ ಮಟ್ಟಿಗೆ, ಚಿಕ್ಕದು ಮಾಡಿದ್ದರಿಂದಲೇ ಕಷ್ಟ ಜಾಸ್ತಿ ಆಗಿರಬೇಕು. ಒಂದು ವಾಕ್ಯವನ್ನು ಮುಂದಿನ ವಾಕ್ಯಕ್ಕೆ ಸೇರಿಸುವ ಕೊಂಡಿಗಳು ಇರುತ್ತವಲ್ಲ, ‘ಸೋ’, ‘ಬಿಕಾಸ್’, ‘ಬಟ್’, ‘ಇಟ್’, ‘ದೇ’, ‘ದಿಸ್’ ಥರದ ಪುಟ್ಟ ಪದಗಳು, ಉದ್ದ ವಾಕ್ಯ ಕತ್ತರಿಸುವಾಗ ಏಟು ಬೀಳುವುದು ಮೊದಲು ಅವಕ್ಕೇ. ಕೆಲವು ಬಿದ್ದೇ ಹೋಗುತ್ತವೆ. ಉಳಿದವು ಯಾರನ್ನು ತೋರಿಸುತ್ತಿವೆ ಅನ್ನುವುದು ಗೊತ್ತಾಗದ ಹಾಗೆ ಒಂಟಿಯಾಗುತ್ತವೆ.

ಈ ತಪ್ಪನ್ನು ನಾನೂ ಮಾಡಿದ್ದೇನೆ. ತುಂಬಾ ವರ್ಷದ ಹಿಂದೆ ಆರನೇ ತರಗತಿಗೆ ಸುಲಭವಾಗಲಿ ಅಂತ ನಾನೇ ಒಂದು ಪುಟ್ಟ ಕಥೆ ಕಟ್ಟಿ ಬೋರ್ಡ್ ಮೇಲೆ ಬರೆದೆ:

‘ಲಕ್ಷ್ಮಿ ಹ್ಯಾಡ್ ಎ ಕೌ. ದ ರೇನ್ಸ್ ಫೇಲ್ಡ್. ದೇರ್ ವಾಸ್ ನೋ ಗ್ರಾಸ್. ಶೀ ಸೋಲ್ಡ್ ಇಟ್. ಆಫ್ಟರ್ ತ್ರೀ ಡೇಸ್ ದ ಆನಿಮಲ್ ಕೇಮ್ ಬ್ಯಾಕ್.’

ಐದು ವಾಕ್ಯ, 21 ಪದ. ಮಕ್ಕಳಿಗೆ ಗೊತ್ತಿಲ್ಲದ ಪದ ಒಂದೂ ಇರಲಿಲ್ಲ. ಇದಕ್ಕಿಂತ ಸುಲಭ ಇನ್ನೇನು ಬೇಕು ಅಂದುಕೊಂಡೆ. ‘ಲಕ್ಷ್ಮಿ ಏನು ಮಾರಿದಳು?’ ಅಂತ ಕನ್ನಡದಲ್ಲೇ ಕೇಳಿದೆ. ಮೊದಲ ಬೆಂಚಿನ ಹುಡುಗ ‘ಹುಲ್ಲು ಸಾರ್’ ಅಂದ. ‘ಹುಲ್ಲೇ ಇರಲಿಲ್ಲ ಅಂತ ಇದೆಯಲ್ಲಪ್ಪಾ, ಹೇಗೆ ಮಾರ್ತಾಳೆ?’ ಅಂದೆ. ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತು, ‘ಮಾರಿಬಿಟ್ಟಿದ್ದಕ್ಕೇ ಇಲ್ಲ ಸಾರ್’ ಅಂದಳು.

ಆ ಉತ್ತರ ನನಗೆ ಇವತ್ತಿಗೂ ನೆನಪಿದೆ. ಆ ಹುಡುಗಿ ಯೋಚನೆ ಮಾಡಿಯೇ ಹೇಳಿದ್ದಳು. ‘ಇಟ್’ ಅನ್ನುವುದಕ್ಕೆ ತೀರಾ ಹತ್ತಿರದಲ್ಲಿದ್ದ ಹೆಸರು ‘ಗ್ರಾಸ್’. ಅದನ್ನೇ ಹಿಡಿದುಕೊಂಡಳು. ಹುಲ್ಲು ಯಾಕೆ ಇರಲಿಲ್ಲ ಅಂತ ನಾನು ಎಲ್ಲೂ ಬರೆದಿರಲಿಲ್ಲ. ಅದಕ್ಕೆ ಕಾರಣವನ್ನೂ ತಾನೇ ಕಟ್ಟಿಕೊಂಡಳು. ಕೊನೆಯ ವಾಕ್ಯದ ‘ದ ಆನಿಮಲ್’ ಯಾವುದು ಅಂದಾಗ ಇನ್ನೊಬ್ಬ ‘ಹುಲಿ’ ಅಂದ. ಅವನಿಗೆ ‘ಬ್ಯಾಕ್’ ಅಂದರೆ ಹಿಂದೆ ಅಂತ ಗೊತ್ತಿತ್ತು, ಆದ್ದರಿಂದ ಯಾವುದೋ ಪ್ರಾಣಿ ಹಿಂದಿನಿಂದ ಬಂದಿದೆ. ಪದಗಳ ಅರ್ಥ ಎಲ್ಲವೂ ಸರಿ. ಕಥೆ ಮಾತ್ರ ಬೇರೆಯೇ.

ಮರುದಿನ ಹೀಗೆ ಬರೆದೆ:

‘ಲಕ್ಷ್ಮಿ ಹ್ಯಾಡ್ ಎ ಕೌ. ದಟ್ ಇಯರ್ ದ ರೇನ್ಸ್ ಫೇಲ್ಡ್, ಸೋ ದೇರ್ ವಾಸ್ ನೋ ಗ್ರಾಸ್ ಫಾರ್ ದ ಕೌ. ಲಕ್ಷ್ಮಿ ಸೋಲ್ಡ್ ದ ಕೌ ಬಿಕಾಸ್ ಶೀ ಕುಡ್ ನಾಟ್ ಫೀಡ್ ಇಟ್. ಬಟ್ ಆಫ್ಟರ್ ತ್ರೀ ಡೇಸ್ ದ ಕೌ ಕೇಮ್ ಬ್ಯಾಕ್ ಟು ಹರ್ ಹೌಸ್.’

ಈಗ 38 ಪದ. ವಾಕ್ಯಗಳು ಉದ್ದ, ‘ಫೀಡ್’ ಅನ್ನುವ ಒಂದು ಹೊಸ ಪದ ಬೇರೆ. ಆದರೂ ಹುಲ್ಲು ಮಾರಿದಳು ಅಂತ ಈ ಸಲ ಯಾರೂ ಹೇಳಲಿಲ್ಲ. ‘ಬಟ್’ ಬಂದ ಕೂಡಲೇ ಮುಂದೆ ಏನೋ ಬೇರೆ ಆಗುತ್ತದೆ ಅಂತ ಕಾದರು. ‘ಟು ಹರ್ ಹೌಸ್’ ಅಂತ ಇದ್ದದ್ದರಿಂದ ಹಸು ಎಲ್ಲಿಗೆ ಬಂತು ಅನ್ನುವುದೂ ಗೊತ್ತಾಯಿತು. ಹುಲಿ ತಾನಾಗಿಯೇ ಹೊರಟುಹೋಯಿತು.

ಭಾಷಾ ವಿಜ್ಞಾನದಲ್ಲಿ ಈ ಹೆಣಿಗೆಗೆ ‘ಕೊಹೀಶನ್’ ಅನ್ನುತ್ತಾರೆ. ಇಂಗ್ಲಿಷ್‌ನಲ್ಲಿ ಅದು ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ಪೂರ್ತಿ ಬಿಡಿಸಿಟ್ಟವರು ಎಂ.ಎ.ಕೆ. ಹ್ಯಾಲಿಡೇ ಮತ್ತು ರುಕೈಯಾ ಹಸನ್. ಅವರ ಪುಸ್ತಕ ಬಂದದ್ದು 1976ರಲ್ಲಿ. ರುಕೈಯಾ ಅವರು ಹುಟ್ಟಿದ್ದು ಉತ್ತರ ಪ್ರದೇಶದ ಪ್ರತಾಪಗಢದಲ್ಲಿ ಅನ್ನುವುದನ್ನು ನಮ್ಮ ಶಿಕ್ಷಕರಿಗೆ ಹೇಳುವುದು ನನಗೆ ಯಾವಾಗಲೂ ಖುಷಿ. ಹ್ಯಾಲಿಡೇ ಮತ್ತು ರುಕೈಯಾ ಐದು ಬಗೆಯ ಕೊಂಡಿಗಳನ್ನು ಗುರುತಿಸಿದರು. ‘ಇಟ್’, ‘ಶೀ’, ‘ದಿಸ್’, ‘ದ’ ಥರ ಹಿಂದೆ ಬಂದದ್ದನ್ನು ಬೆರಳು ಮಾಡಿ ತೋರಿಸುವುದು. ‘ದ ರೆಡ್ ಒನ್’ ಅನ್ನುವಲ್ಲಿ ಇರುವ ಹಾಗೆ ಒಂದರ ಬದಲು ಇನ್ನೊಂದನ್ನು ಇಡುವುದು. ಓದುವವರಿಗೆ ಗೊತ್ತಾಗುತ್ತದೆ ಅಂತ ಪದವನ್ನೇ ಬಿಡುವುದು. ‘ಸೋ’, ‘ಬಟ್’, ‘ದೆನ್’ ಥರದ ಜೋಡಿಸುವ ಪದಗಳು. ಕೊನೆಯದು, ಪದಗಳೇ ಒಂದಕ್ಕೊಂದು ನಂಟಾಗಿರುವುದು: ಅದೇ ಪದ ಮತ್ತೆ ಬರುವುದು, ಅಥವಾ ‘ಕೌ’ ಆದಮೇಲೆ ‘ಆನಿಮಲ್’ ಬರುವುದು. ಶಾಲೆಯ ಮಟ್ಟದಲ್ಲಿ ನಮಗೆ ಜಾಸ್ತಿ ಬೇಕಾದವು ಮೊದಲನೆಯದು ಮತ್ತು ಕೊನೆಯ ಎರಡು.

ಇದೇ ಮಗು ಕನ್ನಡ ಕಥೆಯನ್ನು ತಡವರಿಸದೆ ಓದುತ್ತದೆ, ಇಂಗ್ಲಿಷ್‌ನಲ್ಲಿ ಯಾಕೆ ಎಡವುತ್ತದೆ? ನಿಮ್ಮ ಪ್ರಶ್ನೆಯ ತಿರುಳು ಇಲ್ಲೇ ಇದೆ ಅಂತ ನನ್ನ ನಂಬಿಕೆ. ಅದೇ ಕಥೆಯನ್ನು ಮನೆಯಲ್ಲಿ ಅಜ್ಜಿ ಹೇಗೆ ಹೇಳುತ್ತಾಳೆ ನೋಡಿ: ‘ಆ ವರ್ಷ ಮಳೆ ಬರದೆ, ಹುಲ್ಲೂ ಸಿಗದೆ, ಇದ್ದೊಂದು ಹಸುವನ್ನೂ ಮಾರಿಬಿಟ್ಟಳು. ಮೂರು ದಿನ ಬಿಟ್ಟು ನೋಡಿದರೆ ಅದು ವಾಪಸ್ ಬಂದು ಬಾಗಿಲಲ್ಲೇ ನಿಂತಿತ್ತು.’ ಇದರಲ್ಲಿ ‘ಸೋ’ ಎಲ್ಲಿದೆ, ‘ಬಿಕಾಸ್’ ಎಲ್ಲಿದೆ? ‘ಬರದೆ’, ‘ಸಿಗದೆ’ ಅನ್ನುವುದರ ಬಾಲದಲ್ಲೇ ಇದೆ. ‘ಶೀ’ ಎಲ್ಲಿದೆ? ‘ಮಾರಿಬಿಟ್ಟಳು’ ಅನ್ನುವುದರ ಕೊನೆಯ ‘ಳು’ ಒಳಗಿದೆ. ‘ಹಸುವನ್ನೂ’ ಅನ್ನುವ ಒಂದು ‘ಊ’ನಲ್ಲೇ, ಅವಳ ಹತ್ತಿರ ಇನ್ನೇನೂ ಉಳಿಯಲಿಲ್ಲ ಅನ್ನುವ ಸಂಕಟವೂ ಸೇರಿಕೊಂಡಿದೆ. ಕನ್ನಡದ ಕೊಂಡಿಗಳು ಹೆಚ್ಚಾಗಿ ಕ್ರಿಯಾಪದದ ತುದಿಗೆ ಅಂಟಿಕೊಂಡು ಬರುತ್ತವೆ. ಇಂಗ್ಲಿಷ್‌ನಲ್ಲಿ ಅವು ಬಿಡಿ ಪದಗಳಾಗಿ, ಅದೂ ತುಂಬಾ ಪುಟ್ಟ ಪದಗಳಾಗಿ ನಿಲ್ಲುತ್ತವೆ. ಕನ್ನಡದ ಮಗುವಿನ ಕಣ್ಣು ಅಲ್ಲಿ ಕೊಂಡಿ ಹುಡುಕುವುದಿಲ್ಲ. ‘ಕೌ’, ‘ಗ್ರಾಸ್’, ‘ಸೋಲ್ಡ್’ ಥರದ ತೂಕದ ಪದಗಳಿಂದ ತೂಕದ ಪದಗಳಿಗೆ ಹಾರಿಕೊಂಡು ಹೋಗುತ್ತದೆ.

ನಮ್ಮ ಪಾಠದ ಕ್ರಮವೂ ಅದನ್ನೇ ಕಲಿಸುತ್ತದೆ. ‘ನ್ಯೂ ವರ್ಡ್ಸ್’ ಪಟ್ಟಿಯಲ್ಲಿ ‘ಇಟ್’ ಅಥವಾ ‘ದ’ ಇದ್ದದ್ದನ್ನು ಎಂದಾದರೂ ನೋಡಿದ್ದೀರಾ? ಪೆನ್ಸಿಲ್‌ನಲ್ಲಿ ಕನ್ನಡ ಬರೆಯದ ಪದಗಳು ಅಂದರೆ ಇವೇ. ‘ಎ ಕೌ’ ಅಂದರೆ ಯಾವುದೋ ಒಂದು ಹಸು, ‘ದ ಕೌ’ ಅಂದರೆ ಆಗಲೇ ಹೇಳಿದ ಆ ಹಸು ಅನ್ನುವ ಒಂದು ಮಾತನ್ನು ನಾವು ವ್ಯಾಕರಣದ ದಿನ ಹೇಳುತ್ತೇವೆ, ಕಥೆ ಓದುವ ದಿನ ಮರೆಯುತ್ತೇವೆ.

ಇನ್ನೊಂದು ವ್ಯತ್ಯಾಸ ನೋಡಿ. ‘ರವಿ ಗೇವ್ ಸೋಮು ಹಿಸ್ ಬುಕ್.’ ಯಾರ ಪುಸ್ತಕ? ಇಂಗ್ಲಿಷ್‌ನಲ್ಲಿ ಗೊತ್ತಾಗಲ್ಲ, ಇಬ್ಬರದ್ದೂ ಆಗಬಹುದು. ಕನ್ನಡದಲ್ಲಿ ‘ರವಿ ಸೋಮುವಿಗೆ ತನ್ನ ಪುಸ್ತಕ ಕೊಟ್ಟ’ ಅಂದರೆ ರವಿಯದ್ದು, ‘ಅವನ ಪುಸ್ತಕ ಕೊಟ್ಟ’ ಅಂದರೆ ಸೋಮುವಿನದ್ದು ಅಥವಾ ಬೇರೆಯವನದ್ದು. ನಮ್ಮ ಭಾಷೆಯೇ ಈ ಗೊಂದಲ ಬಿಡಿಸಿಬಿಟ್ಟಿದೆ. ಹಾಗಾಗಿ ‘ಹಿಸ್’ ಬಂದಾಗ ನಿಂತು ‘ಯಾರ?’ ಅಂತ ಕೇಳಿಕೊಳ್ಳುವ ಅಭ್ಯಾಸ ನಮ್ಮ ಮಕ್ಕಳಿಗೆ ಇರುವುದಿಲ್ಲ. ಕಲಿಸಿಯೇ ಕೊಡಬೇಕು. ‘ಇಟ್ ಈಸ್ ರೇನಿಂಗ್’ನಲ್ಲಿ ಇರುವ ‘ಇಟ್’ ಯಾವುದನ್ನೂ ತೋರಿಸುವುದಿಲ್ಲ ಅನ್ನುವುದನ್ನೂ ಹೇಳಬೇಕು. ಇಲ್ಲದಿದ್ದರೆ ಪಾಪ, ಅದನ್ನೂ ಹುಡುಕುತ್ತಾ ಕೂರುತ್ತಾರೆ.

ಏಳನೇ ತರಗತಿಯ ಹೊತ್ತಿಗೇ ಇದು ಎದ್ದು ಕಾಣುವುದಕ್ಕೂ ಒಂದು ಕಾರಣ ಇದೆ. ನಮ್ಮ ರಾಜ್ಯದ ಕನ್ನಡ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಶುರುವಾಗುತ್ತದೆ. ಚಿಕ್ಕ ತರಗತಿಗಳಲ್ಲಿ ಹಾಡು, ಚಿತ್ರ, ಮಾತುಕತೆ. ಅಲ್ಲಿ ಕೊಂಡಿಯ ಕೆಲಸವನ್ನು ಚಿತ್ರ ಮಾಡುತ್ತದೆ, ಟೀಚರ್ ಕೈ ಮಾಡುತ್ತದೆ. ‘ಇಟ್’ ಅಂದಾಗ ನೀವು ಚಿತ್ರದಲ್ಲಿರುವ ನಾಯಿಯ ಮೇಲೆ ಬೆರಳಿಟ್ಟಿರುತ್ತೀರಿ. ಮೇಲಿನ ತರಗತಿಗೆ ಬಂದ ಹಾಗೆ ಚಿತ್ರ ಸಣ್ಣದಾಗುತ್ತದೆ, ಪ್ಯಾರಾ ದೊಡ್ಡದಾಗುತ್ತದೆ. ಅಲ್ಲಿಯವರೆಗೆ ಬೆರಳು ಮಾಡುತ್ತಿದ್ದ ಕೆಲಸವನ್ನು ಇನ್ನು ಮುಂದೆ ಪದಗಳೇ ಮಾಡಬೇಕು. ಹೀಗೆ ಕೆಲಸ ಕೈ ಬದಲಾದದ್ದನ್ನು ಮಕ್ಕಳಿಗೆ ಯಾರೂ ಹೇಳಿರುವುದಿಲ್ಲ.

‘ಚಿಕ್ಕ ವಾಕ್ಯ ಅಂದರೆ ಸುಲಭ ವಾಕ್ಯ’ ಅನ್ನುವ ನಂಬಿಕೆ ನಮಗೆಲ್ಲ ಎಲ್ಲಿಂದ ಬಂತು? ಅಮೆರಿಕದಲ್ಲಿ 1948ರಲ್ಲಿ ರುಡಾಲ್ಫ್ ಫ್ಲೆಶ್ ಒಂದು ಸೂತ್ರ ಕೊಟ್ಟರು. ಅದೇ ವರ್ಷ ಎಡ್ಗರ್ ಡೇಲ್ ಮತ್ತು ಜೀನ್ ಚಾಲ್ ಇನ್ನೊಂದನ್ನು ಕೊಟ್ಟರು. ವಾಕ್ಯ ಎಷ್ಟು ಉದ್ದ, ಪದ ಎಷ್ಟು ಕಷ್ಟ, ಇವೆರಡನ್ನು ಎಣಿಸಿ ಒಂದು ಪಾಠ ಯಾವ ಮಟ್ಟದ್ದು ಅಂತ ಹೇಳುವ ಲೆಕ್ಕ ಅದು. ಪಾಠವನ್ನು ಅಳೆಯುವುದಕ್ಕೆ ಮಾಡಿದ ಅಳತೆಗೋಲನ್ನು ಆಮೇಲೆ ಪಾಠ ಬರೆಯುವುದಕ್ಕೇ ಬಳಸಿದರು. ಸೂತ್ರಕ್ಕೆ ಹೊಂದಲಿ ಅಂತ ‘ಬಿಕಾಸ್’ ಕಿತ್ತು ಒಂದು ವಾಕ್ಯವನ್ನು ಎರಡು ಮಾಡಿದರು. ಅಂಕ ಸುಧಾರಿಸಿತು. ಆದರೆ ಕಾರಣ ಯಾವುದು, ಪರಿಣಾಮ ಯಾವುದು ಅನ್ನುವುದನ್ನು ಮಗುವೇ ಊಹಿಸಬೇಕಾಯಿತು. ಆಲಿಸ್ ಡೇವಿಸನ್ ಮತ್ತು ರಾಬರ್ಟ್ ಕ್ಯಾಂಟರ್ 1982ರಲ್ಲಿ ಹೀಗೆ ಸರಳ ಮಾಡಿದ ಪಾಠಗಳನ್ನು ಮೂಲದ ಪಕ್ಕ ಇಟ್ಟು ನೋಡಿ, ಈ ದಾರಿ ಸರಿಯಿಲ್ಲ ಅಂತ ತೋರಿಸಿದರು.

1991ರಲ್ಲಿ ಇಸಬೆಲ್ ಬೆಕ್, ಮಾರ್ಗರೆಟ್ ಮೆಕ್‌ಕಿಯನ್ ಮತ್ತು ಜೊತೆಯವರು ಇದರ ಉಲ್ಟಾ ಮಾಡಿ ನೋಡಿದರು. ಅಮೆರಿಕದ ಐದನೇ ತರಗತಿಯ ಸಮಾಜ ಪಾಠಪುಸ್ತಕದಿಂದ, ಅಲ್ಲಿನ ಸ್ವಾತಂತ್ರ್ಯ ಹೋರಾಟಕ್ಕೆ ಮುಂಚಿನ ಘಟನೆಗಳ ಪಾಠ ತೆಗೆದುಕೊಂಡರು. ಯಾರು, ಯಾಕೆ, ಅದರಿಂದ ಏನಾಯಿತು ಅನ್ನುವುದನ್ನು ವಾಕ್ಯದಿಂದ ವಾಕ್ಯಕ್ಕೆ ಬಿಡಿಸಿ ಜೋಡಿಸಿ ತಿದ್ದಿದರು. ತಿದ್ದಿದ ಪಾಠ ಮೂಲಕ್ಕಿಂತ ಉದ್ದವಾಯಿತು. ಆದರೂ ಅದನ್ನು ಓದಿದ ಮಕ್ಕಳೇ ಜಾಸ್ತಿ ನೆನಪಿಟ್ಟುಕೊಂಡರು, ಪ್ರಶ್ನೆಗಳಿಗೂ ಚೆನ್ನಾಗಿ ಉತ್ತರ ಕೊಟ್ಟರು. ನೆನಪಿಡಿ, ಅವರು ಇಂಗ್ಲಿಷ್‌ನಲ್ಲೇ ಬೆಳೆದ ಮಕ್ಕಳು. ಅವರಿಗೇ ಇಷ್ಟು ಬೇಕಾದರೆ ನಮ್ಮ ಮಕ್ಕಳಿಗೆ ಬೇಡವೇ?

ಹಾಗಂತ ಕೊಂಡಿ ಎಷ್ಟು ತುಂಬಿದರೂ ಒಳ್ಳೆಯದೇ ಅಂದುಕೊಳ್ಳಬೇಡಿ. ಡ್ಯಾನಿಯೆಲ್ ಮೆಕ್‌ನಮಾರಾ, ವಾಲ್ಟರ್ ಕಿಂಚ್ ಮತ್ತು ಜೊತೆಯವರು 1996ರಲ್ಲಿ ಜೀವಶಾಸ್ತ್ರದ ಪಾಠಗಳ ಮೇಲೆ ಮಾಡಿದ ಕೆಲಸ ತುಂಬಾ ಹೆಸರಾಯಿತು. ವಿಷಯ ಅಷ್ಟಾಗಿ ಗೊತ್ತಿಲ್ಲದ ಮಕ್ಕಳಿಗೆ ಎಲ್ಲ ಕೊಂಡಿಯೂ ಇದ್ದ ಪಾಠ ಅನುಕೂಲವಾಯಿತು. ಮೊದಲೇ ವಿಷಯ ಗೊತ್ತಿದ್ದ ಮಕ್ಕಳು ಮಾತ್ರ, ಆಳವಾದ ಪ್ರಶ್ನೆ ಕೇಳಿದಾಗ, ಕೊಂಡಿ ಕಡಿಮೆ ಇದ್ದ ಪಾಠ ಓದಿಯೇ ಚೆನ್ನಾಗಿ ಮಾಡಿದರು. ಬಿಟ್ಟ ಜಾಗವನ್ನು ತಾವೇ ತುಂಬಿಕೊಳ್ಳುವಾಗ ತಲೆಗೆ ಕೆಲಸ ಸಿಗುತ್ತದಲ್ಲ, ಅದಕ್ಕೆ. ಇದರಿಂದ ನಾನು ತೆಗೆದುಕೊಂಡ ಪಾಠ ಇಷ್ಟು: ನಮ್ಮ ತರಗತಿಯಲ್ಲಿ ಭಾಷೆಯೂ ಹೊಸದು, ಎಷ್ಟೋ ಸಲ ವಿಷಯವೂ ಹೊಸದು. ಪೆಂಗ್ವಿನ್ ಬಗ್ಗೆಯೋ ಭೂಮಿಯ ತುದಿಯಲ್ಲಿರುವ ಹಿಮದ ಬಗ್ಗೆಯೋ ಪಾಠ ಇದ್ದಾಗ ಕೊಂಡಿಗಳು ಪೂರ್ತಿ ಇರಲಿ. ಜಾತ್ರೆ, ಕಣ, ಕೆರೆ ಥರ ಮಕ್ಕಳಿಗೆ ಚೆನ್ನಾಗಿ ಗೊತ್ತಿರುವ ವಿಷಯ ಬಂದಾಗ ಒಂದೆರಡು ಕೊಂಡಿ ಬಿಟ್ಟು ಅವರಿಂದಲೇ ತುಂಬಿಸಿ.

ತರಗತಿಯಲ್ಲಿ ಮಾಡುವುದು ಏನು? ನಿಮ್ಮ ಮಕ್ಕಳ ಕೈಯಲ್ಲಿ ಪೆನ್ಸಿಲ್ ಹೇಗೂ ಇದೆ. ಪದದ ತಲೆ ಮೇಲೆ ಕನ್ನಡ ಬರೆಯುವುದನ್ನು ಸ್ವಲ್ಪ ಕಡಿಮೆ ಮಾಡಿಸಿ, ಅದೇ ಪೆನ್ಸಿಲ್‌ನಲ್ಲಿ ಬಾಣ ಹಾಕಿಸಿ. ‘ಇಟ್’ ಸುತ್ತ ಒಂದು ಸೊನ್ನೆ. ಅದರಿಂದ ಹಿಂದಕ್ಕೆ ಒಂದು ಗೆರೆ, ಅದು ಯಾವುದನ್ನು ತೋರಿಸುತ್ತದೋ ಅಲ್ಲಿಯವರೆಗೆ. ‘ದೇ’, ‘ಹಿಸ್’, ‘ದೇರ್’ ಎಲ್ಲಕ್ಕೂ ಹಾಗೆಯೇ. ಮೊದಲ ವಾರ ಒಂದು ಪೀರಿಯಡ್‌ಗೆ ಒಂದೇ ಪ್ಯಾರಾ ಸಾಕು. ಇಬ್ಬರ ಬಾಣ ಬೇರೆ ಬೇರೆ ಕಡೆ ಹೋಗಿದ್ದರೆ ನೀವು ಸರಿ ತಪ್ಪು ಹೇಳಬೇಡಿ. ‘ಯಾಕೆ ಅಲ್ಲಿಗೆ ಎಳೆದೆ?’ ಅಂತ ಕೇಳಿ, ಕನ್ನಡದಲ್ಲೇ ಜಗಳ ಆಡಲಿ. ಅರ್ಥ ಹುಟ್ಟುವುದು ಆ ಜಗಳದಲ್ಲಿ. ಕನ್ನಡ ಬಳಸಿದರೆ ಇಂಗ್ಲಿಷ್ ಕೆಡುತ್ತದೆ ಅನ್ನುವ ಭಯ ಇಲ್ಲಿ ಖಂಡಿತ ಬೇಡ.

ಇದರಲ್ಲಿ ಎಲ್ಲಕ್ಕಿಂತ ಕಷ್ಟದ್ದು ‘ದಿಸ್’. ‘ದಿಸ್ ಮೇಡ್ ದ ಫಾರ್ಮರ್ಸ್ ಆಂಗ್ರಿ’ ಅಂದಾಗ ಬಾಣ ಒಂದು ಪದಕ್ಕೆ ಹೋಗುವುದಿಲ್ಲ, ಹಿಂದಿನ ಇಡೀ ಸಂಗತಿಗೆ ಹೋಗುತ್ತದೆ. ಇಲ್ಲಿ ಕನ್ನಡ ನಮ್ಮ ನೆರವಿಗೆ ಬರುತ್ತದೆ. ‘ಇದರಿಂದ ರೈತರಿಗೆ ಸಿಟ್ಟು ಬಂತು’ ಅಂದು, ‘ಯಾವುದರಿಂದ?’ ಅಂತ ಕೇಳಿ ನೋಡಿ. ಎಲ್ಲರೂ ಹಿಂದಿನ ವಾಕ್ಯ ಪೂರ್ತಿ ಹೇಳುತ್ತಾರೆ. ಆಗ ಆ ಇಡೀ ವಾಕ್ಯಕ್ಕೆ ಒಂದು ಚೌಕ ಹಾಕಿಸಿ, ಬಾಣ ಆ ಚೌಕಕ್ಕೆ ಮುಟ್ಟಲಿ.

ಜೋಡಿಸುವ ಪದಗಳಲ್ಲಿ ಕಾರಣ ಹೇಳುವವು ಮತ್ತು ‘ಆದರೆ’ ಅನ್ನುವವು ಮೊದಲು. ‘ಮೋರೋವರ್’, ‘ಫರ್ದರ್‌ಮೋರ್’ ಎಲ್ಲ ಈ ವಯಸ್ಸಿಗೆ ಬೇಡ. ಅವನ್ನು ಬಿಟ್ಟರೂ ಕಥೆ ಕೆಡುವುದಿಲ್ಲ, ‘ಬಟ್’ ಬಿಟ್ಟರೆ ಕೆಡುತ್ತದೆ. ಎರಡು ಕೆಲಸ ಮಾಡುವ ಪದಗಳ ಬಗ್ಗೆ ಮಾತ್ರ ಹುಷಾರು. ‘ಸಿನ್ಸ್’ ಅಂದರೆ ‘ಇಂದ’ ಅಂತ ಮಕ್ಕಳು ಬಾಯಿಪಾಠ ಮಾಡಿರುತ್ತಾರೆ, ‘ಸಿನ್ಸ್ ಮಾರ್ನಿಂಗ್’ ಅಂದರೆ ಬೆಳಗ್ಗೆಯಿಂದ. ಮುಂದೆ ‘ಸಿನ್ಸ್ ಇಟ್ ವಾಸ್ ಡಾರ್ಕ್, ದೇ ಸ್ಟೇಯ್ಡ್ ಅಟ್ ಹೋಮ್’ ಬಂದರೆ ‘ಕತ್ತಲಾದಾಗಿನಿಂದ ಮನೆಯಲ್ಲಿದ್ದರು’ ಅನ್ನುತ್ತಾರೆ. ಕೇಳುವುದಕ್ಕೆ ಸರಿಯಾಗೇ ಇದೆ, ಅಲ್ವಾ? ಅದಕ್ಕೇ ತಪ್ಪು ನಮ್ಮ ಗಮನಕ್ಕೂ ಬರುವುದಿಲ್ಲ. ಕತ್ತಲು ಇಲ್ಲಿ ಹೊತ್ತು ಹೇಳುತ್ತಿಲ್ಲ, ಕಾರಣ ಹೇಳುತ್ತಿದೆ. ‘ಆ್ಯಸ್’ ಮತ್ತು ‘ವೈಲ್’ ಕೂಡ ಇದೇ ಜಾತಿಗೆ ಸೇರಿದವು.

ಇನ್ನೊಂದು ಆಟ. ಪಾಠದ ಆರು ವಾಕ್ಯಗಳನ್ನು ಆರು ಚೀಟಿಯಲ್ಲಿ ಬರೆದು ಕಲೆಸಿ ಕೊಡಿ. ನಾಲ್ಕು ನಾಲ್ಕು ಮಕ್ಕಳು ಕೂತು ಸಾಲಾಗಿ ಜೋಡಿಸಲಿ. ‘ಬಟ್ ಶೀ’ ಅಂತ ಶುರುವಾಗುವ ಚೀಟಿ ಮೊದಲು ಬರಲಾರದು ಅನ್ನುವುದನ್ನು ಅವರೇ ಕಂಡುಹಿಡಿಯುತ್ತಾರೆ. ಯಾವ ಪದದ ಸುಳಿವಿನಿಂದ ಜೋಡಿಸಿದರು ಅಂತ ಬೆರಳಿಟ್ಟು ತೋರಿಸಲಿ. ಕಾಗದ ಬಿಟ್ಟರೆ ಇದಕ್ಕೆ ಬೇರೆ ಖರ್ಚಿಲ್ಲ.

ಪಾಠಪುಸ್ತಕದ ಬಗ್ಗೆಯೂ ಒಂದು ಮಾತು ಹೇಳಬೇಕು, ಯಾಕೆಂದರೆ ಹೊರೆ ಪೂರ್ತಿ ನಿಮ್ಮ ಮೇಲೆ ಅಥವಾ ಮಕ್ಕಳ ಮೇಲೆ ಬೀಳುವುದು ನ್ಯಾಯವಲ್ಲ. ಪುಸ್ತಕದ ಎಷ್ಟೋ ಕಥೆಗಳು ಬೇರೆಲ್ಲೋ ಉದ್ದವಾಗಿ ಇದ್ದವು, ಎರಡು ಮೂರು ಪುಟಕ್ಕೆ ಇಳಿಸಿದವು. ಇಳಿಸುವಾಗ ನಡುವಿನ ವಾಕ್ಯ ಹೋಗಿ ‘ದ ಓಲ್ಡ್ ಮ್ಯಾನ್’ ಉಳಿದುಬಿಡುತ್ತಾನೆ. ಆ ಮುದುಕ ಯಾರು ಅಂತ ಹೇಳಿದ ಸಾಲು ಹೋಗಿರುತ್ತದೆ. ಇನ್ನು ಕೆಲವು ಕಡೆ ಒಂದೇ ಹಸುವನ್ನು ‘ದ ಕೌ’, ‘ದ ಆನಿಮಲ್’, ‘ದ ಪುವರ್ ಕ್ರೀಚರ್’ ಅಂತ ಮೂರು ಹೆಸರಿನಿಂದ ಕರೆದಿರುತ್ತಾರೆ. ಬರವಣಿಗೆ ಚಂದ ಕಾಣಲಿ ಅಂತ ಮಾಡಿದ್ದು. ಆದರೆ ಪದಪದ ಓದುವ ಮಗುವಿಗೆ ಅಲ್ಲಿ ಮೂರು ಪ್ರಾಣಿ ನಿಂತಿರುತ್ತವೆ. ಅದೇ ಪದವನ್ನು ಮತ್ತೆ ಮತ್ತೆ ಹೇಳುವುದು ಶಾಲಾ ಪುಸ್ತಕದಲ್ಲಿ ದೋಷ ಅಲ್ಲವೇ ಅಲ್ಲ, ಮಗುವಿಗೆ ಅದು ಕೈ ಹಿಡಿದ ಹಾಗೆ. ಹಾಗಾಗಿ ನಾಳೆಯ ಪಾಠವನ್ನು ಇವತ್ತು ರಾತ್ರಿ ಓದುವಾಗ ಕಷ್ಟದ ಪದಗಳ ಪಟ್ಟಿ ಮಾಡುವ ಮೊದಲು, ಬಾಣ ಎಲ್ಲಿ ದಾರಿ ತಪ್ಪಬಹುದು ಅಂತ ಗುರುತು ಹಾಕಿಕೊಳ್ಳಿ. ಸಾಲು ಬಿಟ್ಟುಹೋಗಿದೆ ಅನ್ನಿಸಿದರೆ ನೀವೇ ಒಂದು ವಾಕ್ಯ ಬರೆದು ಬೋರ್ಡ್ ಮೇಲೆ ಸೇರಿಸಿ. ಆ ಸ್ವಾತಂತ್ರ್ಯ ನಿಮಗಿದೆ.

ನೋಟ್ಸ್ ವಿಷಯಕ್ಕೆ ಬಂದರೆ, ಬರೆದದ್ದನ್ನು ಎಸೆಯಬೇಡಿ. ಆ ಚಿಕ್ಕ ಚಿಕ್ಕ ವಾಕ್ಯಗಳನ್ನೇ ಮಕ್ಕಳಿಗೆ ಕೊಟ್ಟು, ‘ಸೋ’, ‘ಬಟ್’, ‘ಬಿಕಾಸ್’, ‘ದೆನ್’ ನಾಲ್ಕನ್ನು ಬೋರ್ಡಿನ ಮೂಲೆಯಲ್ಲಿ ಬರೆದು, ಎರಡೆರಡು ವಾಕ್ಯವನ್ನು ಒಂದಾಗಿ ಸೇರಿಸಲು ಹೇಳಿ. ಆಮೇಲೆ ಪುಸ್ತಕ ತೆರೆಸಿ, ಅಲ್ಲಿ ಹೇಗೆ ಸೇರಿಸಿದ್ದಾರೆ ಅಂತ ಪಕ್ಕದಲ್ಲಿ ಇಟ್ಟು ನೋಡಲಿ. ಒಂದು ತಿಂಗಳು ಹೀಗೆ ಮಾಡಿ, ಮಕ್ಕಳ ಪುಸ್ತಕದ ಬಾಣಗಳನ್ನು ನೋಡುತ್ತಾ ಬನ್ನಿ. ಯಾವ ಪದದ ಹತ್ತಿರ ಅವು ಜಾಸ್ತಿ ದಾರಿ ತಪ್ಪುತ್ತಿವೆ ಅಂತ ಬರೆದಿಟ್ಟುಕೊಂಡು ನನಗೆ ತಿಳಿಸಿ. ಮುಂದಿನದನ್ನು ಅಲ್ಲಿಂದ ನೋಡೋಣ.